ಅಂಚೆಚೀಟಿಯ ಪ್ರಶಸ್ತಿ: ಟಿಪ್ಪುಸುಲ್ತಾನನ 1974ರ ಚೀಟಿಯ ವಿಮರ್ಶೆ

ಭಾರತದ ಅಂಚೆಯ ಇಲಾಖೆಯವರು 1974ನೆಯ ಇಸವಿಯಲ್ಲಿ ಟಿಪ್ಪುಸುಲ್ತಾನನ ಚಿತ್ರವುಳ್ಳ 50 ಪೈಸೆಯ ಅಂಚೆಚೀಟಿಯೊಂದನ್ನು ಹೊರಡಿಸಿದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ಅದರ ಹಿಂದಿನ ವರ್ಷದ ನವೆಂಬರಿನಲ್ಲಿ. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದು ಆ ವರ್ಷಕ್ಕೆ 175 ವರ್ಷಗಳಾಗಿದ್ದುವು. ಆ ಚೀಟಿಯ ಮೇಲಿರುವುದು ಒಂದು ಭಾವಚಿತ್ರ, ಒಂದು ಹೆಸರು, ದೇಶದ ಹೆಸರು, ಬೆಲೆ. ಇಷ್ಟನ್ನು ಬಿಟ್ಟು ಹೇಳಿಕೊಳ್ಳುವಂಥದು ಅದರಲ್ಲಿ ಬೇರೇನೂ ಇಲ್ಲ. ಇಂತಹ ಅಲ್ಪವಸ್ತುವನ್ನು ಕುರಿತು ಸಂಶೋಧನ ಪತ್ರಿಕೆಯೊಂದರಲ್ಲಿ ವಿಮರ್ಶೆ ಬರೆಯುವುದು ಉಚಿತವೆ ಎಂದು ವಾಚಕರು ಕೇಳಬಹುದು. ಕನ್ನಡವನ್ನು ಬಲ್ಲವರಿಗೆ ಈ ಸಂದೇಹ ಬಹಳ ಹೊತ್ತು ನಿಲ್ಲಲಾರದು. ನಮ್ಮ ಭಾಷೆಯ ಹಳೆಯ ಬರವಣಿಗೆಯೆಲ್ಲ ಕಲ್ಲಿನ ಮೇಲಿನದು. ಅದರಲ್ಲಿಯೂ ಹೆಚ್ಚಿನ ಪಾಲು ಒಬ್ಬನನ್ನು ಹೊಗಳುವುದಕ್ಕಾಗಿ, ಇಲ್ಲವೆ ಯುದ್ಧದಲ್ಲಿ ಬಿದ್ದವನೊಬ್ಬನನ್ನು ನೆನೆಯುವುದಕ್ಕಾಗಿ ಕೊರೆಸಿದ್ದು. ರಾಜ್ಯವೊಂದು ತನ್ನ ಮುದ್ರೆಯನ್ನೊತ್ತಿ ಒಬ್ಬ ಸೇನಾನಿಯನ್ನು ಮಾನ್ಯಮಾಡಿದರೆ ಅದು ಪ್ರಶಸ್ತಿಯೇ ಸರಿ. ಪ್ರಶಸ್ತಿಯನ್ನು ಓದುವ ಕ್ರಮ ನಮಗೆ ತಿಳಿದಿದೆ. ಅದೇ ಕ್ರಮದಲ್ಲಿ ಈ ಚೀಟಿಯನ್ನೂ ಓದಬಹುದು.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಚಿಕ್ಕಜಾಲಕ್ಕಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಬೆಂಗಳೂರಿನಿಂದ ಬಡಗಲಾಗಿ ದೇವನಹಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ ಈ ಊರಿದೆ. ಪಕ್ಕದಲ್ಲಿಯೇ ಹಾಳುಬಿದ್ದ ಕಲ್ಲಿನ ಕೋಟೆ. ವಿಮಾನನಿಲ್ದಾಣಕ್ಕೆ ಧಾವಿಸುವ ಮೋಟಾರುಗಳವರು ಅದನ್ನು ನೋಡದೆಯೇ ದಾಟಿಹೋಗುತ್ತಾರೆ. ಮುಂದೆ ದೇವನಹಳ್ಳಿಯಲ್ಲಿ, ಕೋಟೆಯ ಬಳಿ, ಸಣ್ಣದೊಂದು ಕಲ್ಲುಮಂಟಪವೂ ಅದರಲ್ಲಿ ಬರೆಹದ ಹಲಗೆಯೂ ಇವೆ. ಟಿಪ್ಪು ಹುಟ್ಟಿದ್ದು ಇಲ್ಲಿಯೇ ಎಂದು ತೋರಿಸುವರು. ಹುಟ್ಟಿದ ದಿನದ ವಿಷಯದಲ್ಲಿ ಗ್ರಂಥಕರ್ತರಲ್ಲಿ ಭೇದವಿದೆ, ಸ್ಥಳದ ವಿಷಯದಲ್ಲಿಲ್ಲ. ಆ ಕೋಟೆಯನ್ನು ಮೈಸೂರಿನವರು ಪಾಳೆಯಗಾರನಿಂದ ಕಿತ್ತುಕೊಂಡದ್ದು 1749ರಲ್ಲಿ. ಆ ಮುತ್ತಿಗೆಯಲ್ಲಿಯೇ ಹೈದರನು ಮೊದಲಬಾರಿಗೆ ದಳವಾಯಿಯ ಕಣ್ಣಿಗೆ ಬಿದ್ದನು. 1791ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ತನ್ನ ದಂಡನ್ನು ನಡಸಿಕೊಂಡು ಹೋದದ್ದೂ ಇದೇ ದಿಕ್ಕಿಗೆ. ಹೀಗೆ ಟಿಪ್ಪುವಿನ ಮನೆತನದ ಉದಯವನ್ನೂ ಇಳಿಗಾಲವನ್ನೂ ಈ ದಾರಿ ನೋಡಿದೆ. ಈ ಕಡೆಯ ಹಳ್ಳಿಗಳ ಮಕ್ಕಳಿಗೆ ಟಿಪ್ಪು ನೆರೆಯೂರಿನವನು. ಅದೇ ಪಾಠವನ್ನು ಅದೇ ತಿಂಗಳಲ್ಲಿ ಮಡಿಕೇರಿಯಲ್ಲಿಯೋ ಮಂಗಳೂರಿನಲ್ಲಿಯೋ ಓದುವ ಮಕ್ಕಳಿಗೆ ಅವನು ಯಾರು? ಉಪಾಧ್ಯಾಯರಿಗೆ ಇದು ಸುಲಭವಾದ ಪ್ರಶ್ನೆಯಲ್ಲ. ಚೀಟಿಯು ಇದಕ್ಕೆ ಉತ್ತರ ಕೊಡುವಂತೆ ಕಾಣುತ್ತದೆ, ಆದರೆ ಕೊಡುವುದಿಲ್ಲ.

ಅಂಚೆಗೂ ಅರಸುತನಕ್ಕೂ ನಮ್ಮ ನಾಡಿನಲ್ಲಿ ಇರುವ ನಂಟು ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅಂಚೆ ಏರ್ಪಟ್ಟಿತು. ಕಾಗದವನ್ನು ಸಾಗಿಸುವುದರ ಜೊತೆಗೆ ರಾಜ್ಯದ ಮೂಲೆಮೂಲೆಯ ಗುಟ್ಟನ್ನು ಅರಸನ ಕಿವಿಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು. ಆ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಬ್ರಿಟಿಷರು 1854ರಲ್ಲಿ ಹಿಂದೂಸ್ಥಾನಕ್ಕೆಲ್ಲ ಸಲ್ಲುವಂತೆ ಹೊರಡಿಸಿದ ಚೀಟಿಗಳ ಮೇಲೆ ಇದ್ದುದು ವಿಕ್ಟೋರಿಯಾ ರಾಣಿಯ ತಲೆ. ಅಲ್ಲಿಂದ ಮುಂದೆ ಬಹುಕಾಲ ಚೀಟಿಯ ಮೇಲೆ ಮುಖವೆಂದರೆ ಆಳುವ ದೊರೆಯ ಮುಖವೆಂದೇ ಅರ್ಥ. ಸ್ವಾತಂತ್ರ್ಯ ಬಂದ ಮೇಲೆ ಆ ಜಾಗ ತೆರವಾಯಿತು. 1948ರಲ್ಲಿ ಗಾಂಧಿಯವರು ಬಂದರು. 1952ರಲ್ಲಿ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರರು ಬಂದರು. ಹೊಸ ರಾಜ್ಯವು ಆರಿಸಿದ ಮೊದಲ ಹಲವರಲ್ಲಿ ಕವಿಗಳೂ ಸಂತರೂ ಇದ್ದರೆಂಬುದನ್ನು ಸಾಹಿತ್ಯದ ಅಧ್ಯಾಪಕರು ಸಂತೋಷದಿಂದ ನೆನೆಯಬಹುದು. ಕತ್ತಿ ಹಿಡಿದವರ ಸರದಿ 1957ರಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯಿಂದ ತೊಡಗಿತು. 1961ರಲ್ಲಿ ಶಿವಾಜಿಯ ಚೀಟಿ ಬಂದಿತು. ಆಳುವವನ ಮುಖವಿದ್ದ ಜಾಗದಲ್ಲಿಯೇ ಈ ಮುಖಗಳು ಬಂದುವಾದುದರಿಂದ ಆ ಹಳೆಯ ಅರ್ಥವು, ಅಂದರೆ ಇದು ನಮ್ಮೆಲ್ಲರ ತಲೆಯ ಮೇಲಿನದು ಎಂಬ ಅರ್ಥವು, ಪೂರ್ತಿಯಾಗಿ ಅಳಿಸಿಹೋಗಲಿಲ್ಲವೆಂದು ತೋರುತ್ತದೆ. ತಕರಾರಿನ ಬೇರು ಇಲ್ಲಿದೆ.

ಟಿಪ್ಪು ತನ್ನ ನಾಣ್ಯಗಳ ಮೇಲೆ ತನ್ನ ಮುಖವನ್ನು ಹಾಕಿಸಲಿಲ್ಲ. ಅವನ ತಾಮ್ರದ ಕಾಸುಗಳ ಮೇಲೆ ಇರುವುದು ಆನೆ. ಹೆಸರುಗಳನ್ನು ಹೊಸದಾಗಿ ಕಟ್ಟಿದನು, ವರ್ಷಗಣನೆಯನ್ನೇ ಬದಲಾಯಿಸಿದನು, ಮೊಗಲ ಬಾದಶಹನ ಹೆಸರನ್ನು ತೆಗೆದುಹಾಕಿದನು. ಮುಖವನ್ನು ಮಾತ್ರ ಮುದ್ರಿಸಲಿಲ್ಲ. ಅವನ ಮುಖವನ್ನು ರಾಜ್ಯದ ಮುದ್ರೆಯಾಗಿ ಒತ್ತಿದವರು ನಾವು.

ಚೀಟಿಯ ಮೇಲಿನ ಬರೆಹ ಹಿಂದಿ ಇಂಗ್ಲಿಷುಗಳಲ್ಲಿದೆ. ಇಲಾಖೆಯ ನಿಯಮವೇ ಹಾಗೆ ಎಂದು ಸಮಾಧಾನ ಹೇಳಬಹುದು. ಆದರೆ ಟಿಪ್ಪುವಿನ ಪಕ್ಷದಲ್ಲಿ ಹೇಳಬಹುದಾದ ಮಾತುಗಳಲ್ಲಿ ಬಲವಾದುದು ಕನ್ನಡದಲ್ಲಿರುವ ಬರೆಹ. 1791ರಲ್ಲಿ ಪರಶುರಾಮಭಾವುವಿನ ಮರಾಟ ದಂಡಿನವರು ಶೃಂಗೇರಿಯನ್ನು ಕೊಳ್ಳೆಹೊಡೆದರು. ಆ ಮೇಲೆ ಟಿಪ್ಪು ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆಯಿಸಿದನು. ಶಾರದೆಯ ಪುನಃಪ್ರತಿಷ್ಠೆಗೆ ದ್ರವ್ಯವನ್ನು ಒದಗಿಸಿದನು. ರಾಜ್ಯದ ಕ್ಷೇಮಕ್ಕಾಗಿ ಜಪಹೋಮಗಳನ್ನು ನಡಸಬೇಕೆಂದು ಬೇಡಿದನು. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಈ ಕಾಗದಗಳನ್ನು ಬೆಳಕಿಗೆ ತಂದರು. ಕವಿಚರಿತೆಯನ್ನು ಬರೆದ ಕೈಯೇ ಇವನ್ನೂ ಮುಂದಿಟ್ಟಿತೆಂಬುದು ನಮ್ಮ ಹೆಮ್ಮೆ. ಅಂತಹ ಕಾಗದಗಳ ಒಡೆಯನ ಚೀಟಿಯಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲದಿರುವುದು ಕೊರತೆಯೇ. ನಾಡಿನವನನ್ನು ನಾಡಿನಿಂದ ಕಿತ್ತು ದೇಶದ ದೊಡ್ಡ ಮಾಲೆಗೆ ಸೇರಿಸಿದುದರ ಗುರುತು ಅದು. ಹಾಗೆ ಕಿತ್ತಾಗ ಅವನ ಒಳಿತಿನ ಸಾಕ್ಷ್ಯವೂ ಕೆಡುಕಿನ ಸಾಕ್ಷ್ಯವೂ ಒಟ್ಟಿಗೆ ಹಿಂದೆ ಉಳಿದುವು.

ಕೆಡುಕಿನ ಸಾಕ್ಷ್ಯವನ್ನು ಇಂಗ್ಲಿಷರ ಕಟ್ಟುಕಥೆಯೆಂದು ತಳ್ಳಿಹಾಕುವ ಅಭ್ಯಾಸ ನಮ್ಮ ಲೇಖಕರಲ್ಲಿ ಕೆಲವರಿಗಿದೆ. ವಿಲ್ಕ್ಸನು ಗೆದ್ದವರ ಕಡೆಯವನು. ಅವನ ಬರೆವಣಿಗೆಯನ್ನು ಎಚ್ಚರಿಕೆಯಿಂದ ಓದಬೇಕೆಂಬುದು ನಿಜ. ಆದರೆ ಕೊಡಗಿನವರ ಸೆರೆಯ ನೆನಪು ವಿಲ್ಕ್ಸನಿಂದ ಹುಟ್ಟಿದ್ದಲ್ಲ. ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಅನುವಾದಿಸಿ ಪ್ರಕಟಿಸಿದ ಟಿಪ್ಪುವಿನ ಕಾಗದಗಳಲ್ಲಿಯೇ ಕೊಡಗಿನ ದಂಡಯಾತ್ರೆಯ ಪ್ರಸ್ತಾಪವಿದೆ. ಸೆರೆಯಾದವರ ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಗೆದ್ದವನೂ ಸೋತವನೂ ಎಣಿಕೆಯನ್ನು ಹಿಗ್ಗಿಸುವುದುಂಟು. ಕೃತ್ಯದಲ್ಲಿ ಸಂದೇಹವಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರನ್ನು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಬದುಕಿ ಉಳಿದವರಲ್ಲಿ ಅನೇಕರು ಮರಳಿದ್ದು 1799ರ ತರುವಾಯ. ಮೇಲುಕೋಟೆಯ ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ನರಕಚತುರ್ದಶಿಯ ದಿನ ದೀಪಾವಳಿಯ ಸಂಭ್ರಮವಿಲ್ಲ. ಆ ದಿನ ತಮ್ಮ ಹಿರಿಯರನ್ನು ಕೊಲ್ಲಿಸಿದರೆಂಬ ನೆನಪನ್ನು ಅವರು ಹಾಗೆ ಕಾದುಕೊಂಡು ಬಂದಿದ್ದಾರೆ. ಶೃಂಗೇರಿಯ ಕಾಗದವನ್ನು ತೋರಿಸಿ ಮೇಲುಕೋಟೆಯ ಬಾಯಿ ಮುಚ್ಚಿಸಲಾಗದು. ಮೇಲುಕೋಟೆಯನ್ನು ತೋರಿಸಿ ಶೃಂಗೇರಿಯ ಕಾಗದವನ್ನು ಹರಿಯಲೂ ಆಗದು. ಎರಡೂ ಒಬ್ಬನವೇ.

ಈ ಗೋಜನ್ನು ಇನ್ನೂ ಬಿಗಿಮಾಡುವ ಒಂದು ಸಂಗತಿಯಿದೆ. ಟಿಪ್ಪುವಿನ ಚೀಟಿ ಹೊರಟ ಮೂರು ವರ್ಷಕ್ಕೆ, 1977ರಲ್ಲಿ, ಅದೇ ಇಲಾಖೆಯವರು ಕಿತ್ತೂರಿನ ಚೆನ್ನಮ್ಮರಾಣಿಯ ಚೀಟಿಯನ್ನು ಹೊರಡಿಸಿದರು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಚೆನ್ನಮ್ಮನ ಪತಿಯಾದ ಮಲ್ಲಸರ್ಜ ದೇಸಾಯಿಯನ್ನು ಸೆರೆಯಲ್ಲಿಟ್ಟವನು ಟಿಪ್ಪು ಎಂಬುದನ್ನು ಎಷ್ಟು ಪಾಠಪುಸ್ತಕಗಳು ಹೇಳುತ್ತವೆ? ಅಂಚೆಚೀಟಿಗಳನ್ನು ಕೂಡಿಡುವವರ ಪುಸ್ತಕದಲ್ಲಿ ಸೆರೆಹಿಡಿದವನೂ ಸೆರೆಯಾದವನ ಮಡದಿಯೂ ಕೆಲವೇ ಹಾಳೆಗಳ ಅಂತರದಲ್ಲಿ ಇಬ್ಬರೂ ಇಂಗ್ಲಿಷರ ವೈರಿಗಳೆಂಬ ಒಂದೇ ಬಿರುದಿನಿಂದ ಶೋಭಿಸುತ್ತಾರೆ. ಬಿರುದು ಸುಳ್ಳಲ್ಲ. ಆದರೆ ಆ ಒಂದು ಬಿರುದಿಗಾಗಿ ಹದಿನೆಂಟನೆಯ ಶತಮಾನದ ಕನ್ನಡನಾಡಿನ ಒಳಜಗಳವೆಲ್ಲ ಮರೆಯಾಯಿತು. ಶಿವಾಜಿಯ ವಿಷಯದಲ್ಲಿಯೂ ಹೀಗೆಯೇ. ಅವನ ಸೈನ್ಯವನ್ನು ಬೆಳವಡಿಯ ಮಲ್ಲಮ್ಮ ಎದುರಿಸಿದಳು; ಧಾರವಾಡದ ಬಳಿಯ ಯಾದವಾಡದಲ್ಲಿರುವ ಶಿವಾಜಿಯ ಶಿಲ್ಪವನ್ನು ಅವಳೇ ಮಾಡಿಸಿದಳೆಂದು ಹೇಳುವರು. ಸೋತವಳು ಗೆದ್ದವನ ಕಲ್ಲನ್ನು ನಿಲ್ಲಿಸಿದಳೆಂಬ ಈ ಐತಿಹ್ಯದಲ್ಲಿ ವೈರವೂ ಇದೆ, ಗೌರವವೂ ಇದೆ, ಕಥೆಯೂ ಇದೆ. ಚೀಟಿಯಲ್ಲಿ ಇರುವುದು ಗೌರವವೊಂದೇ.

ಪಾಕಿಸ್ತಾನದವರು 1979ರಲ್ಲಿ ಸ್ವಾತಂತ್ರ್ಯದ ಅಗ್ರಗಾಮಿಗಳೆಂಬ ಮಾಲೆಯಲ್ಲಿ ಇದೇ ಟಿಪ್ಪುವನ್ನು ಸರ್ ಸಯ್ಯದ್ ಅಹಮದ್ ಖಾನ್, ಹಾಲಿ ಇವರುಗಳ ಜೊತೆಗೆ ಕೂರಿಸಿದರು. ಒಬ್ಬನೇ ಮನುಷ್ಯ, ನಮ್ಮ ಚೀಟಿಯಲ್ಲಿ ಭಾರತದ ವೀರ, ಅವರ ಚೀಟಿಯಲ್ಲಿ ಬೇರೊಂದು ರಾಷ್ಟ್ರದ ಮೂಲಪುರುಷ. ಎರಡು ರಾಷ್ಟ್ರಗಳೂ ಅವನು ಸತ್ತು ಒಂದೂವರೆ ಶತಮಾನವಾಗುವತನಕ ಹುಟ್ಟಿರಲೇ ಇಲ್ಲ. ಚೀಟಿಯು ಸತ್ತವನಿಗಿಂತ ಅದನ್ನು ಹೊರಡಿಸಿದವರ ಮನಸ್ಸನ್ನೇ ಹೆಚ್ಚಾಗಿ ತಿಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಮ್ಮಲ್ಲಿ ಮಾತ್ರ ಈ ತೊಡಕು ಎಂದು ತಿಳಿಯಬಾರದು. ಅಮೆರಿಕದವರು 1936ರಿಂದ 1937ರವರೆಗೆ ಭೂಸೇನೆ ನೌಕಾಸೇನೆಗಳ ನಾಯಕರ ಮಾಲೆಯೊಂದನ್ನು ಹೊರಡಿಸಿದರು. 3 ಸೆಂಟಿನ ಚೀಟಿಯಲ್ಲಿ ಗ್ರಾಂಟ್ ಶೆರಿಡನ್‌ರ ಜೊತೆಗೆ ಶರ್ಮನ್ ಇದ್ದನು. 1864ರಲ್ಲಿ ಜಾರ್ಜಿಯಾ ಸೀಮೆಯನ್ನು ಸುಟ್ಟುಕೊಂಡು ಸಮುದ್ರದವರೆಗೆ ನಡೆದವನು ಇವನೇ. ದಕ್ಷಿಣದ ಸಂಸ್ಥಾನಗಳವರು ಕೆರಳಿದರು. ತಮ್ಮ ಅಜ್ಜಂದಿರ ಮನೆಗೆ ಬೆಂಕಿಯಿಟ್ಟವನ ಮುಖಕ್ಕೆ ತಾವು ಅಂಟು ಹಚ್ಚಬೇಕೆ ಎಂಬುದು ಅವರ ದೂರು. ಅದೇ ಮಾಲೆಯ 4 ಸೆಂಟಿನ ಚೀಟಿಯಲ್ಲಿ ದಕ್ಷಿಣದವರ ಲೀ, ಜಾಕ್ಸನ್ ಇಬ್ಬರೂ ಇದ್ದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ರಾಜ್ಯದ ಸೇನಾನಿಗಳನ್ನು ಆ ಯುದ್ಧದಿಂದ ಬಿಡುಗಡೆ ಪಡೆದವರ ಮೊಮ್ಮಕ್ಕಳು ಯಾವ ಕಣ್ಣಿನಿಂದ ನೋಡಿದರೋ! ಇತ್ತಣವರಿಗೊಂದು, ಅತ್ತಣವರಿಗೊಂದು ಎಂದು ತಕ್ಕಡಿಯಲ್ಲಿ ತೂಗಿ ಹಂಚಿದರೆ ಜಗಳ ತೀರುವುದೆಂಬ ಎಣಿಕೆ ಅಲ್ಲಿ ಫಲಿಸಲಿಲ್ಲ.

ಈಗ ನಮ್ಮ ವೀರಗಲ್ಲುಗಳ ಕಡೆಗೆ ತಿರುಗೋಣ. ಚಿಕ್ಕಜಾಲಕ್ಕೆ ತೆಂಕಲಲ್ಲಿ, ಇದೇ ಹೆದ್ದಾರಿಯ ಮೇಲಿರುವ ಹೆಬ್ಬಾಳದಲ್ಲಿ, 2018ರಲ್ಲಿ ಒಂದು ಕಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದ್ದು, ಬೆಂಗಳೂರಿನಲ್ಲಿ ದೊರೆತ ಕನ್ನಡ ಬರೆಹಗಳಲ್ಲಿ ಬಹು ಹಳೆಯದೆಂದು ಅದನ್ನು ಎಣಿಸಿದ್ದಾರೆ. ಕಿತ್ತಯ್ಯನೆಂಬವನು ರಟ್ಟರ ದಾಳಿಯಲ್ಲಿ ಹೋರಾಡಿ ಸತ್ತನೆಂದು ಅದು ಹೇಳುತ್ತದೆ. ಅವನ ರೂಪವನ್ನೂ ಕಲ್ಲಿನ ಮೇಲೆ ಕೆತ್ತಿದ್ದಾರೆ. ಸತ್ತವನು ಯಾರು, ಯಾರ ಆಳ್ವಿಕೆಯಲ್ಲಿ, ಯಾವ ನಾಡಿನಲ್ಲಿ, ಯಾರ ಮೇಲೆ ಕಾದಿ ಸತ್ತನು ಎಂಬುದು ಅಲ್ಲಿದೆ. ಕಿತ್ತಯ್ಯನು ಒಳ್ಳೆಯವನೊ ಕೆಟ್ಟವನೊ, ಬೇರೆ ದಿನಗಳಲ್ಲಿ ಏನು ಮಾಡಿದನೊ ಎಂಬ ಮಾತನ್ನು ಕಲ್ಲು ಎತ್ತುವುದಿಲ್ಲ. ಎತ್ತುವ ಅಗತ್ಯವೂ ಅದಕ್ಕಿಲ್ಲ. ಅದು ಮಾನ್ಯಮಾಡಿದ್ದು ಒಂದು ದಿನದ ಒಂದು ಕೃತ್ಯವನ್ನು. ನಮ್ಮ ನಾಡಿನ ಸಾವಿರಾರು ವೀರಗಲ್ಲುಗಳ ಕ್ರಮ ಇದೇ: ತುರುಗಳನ್ನು ಬಿಡಿಸಿದನು, ಹೆಣ್ಣಿನ ಮಾನವನ್ನು ಕಾದನು, ಊರಳಿವಿನಲ್ಲಿ ಬಿದ್ದನು. ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಂದಿತು. ಕಾರ್ಯವೂ ಕಾರಣವೂ ಕಲ್ಲಿನ ಮೇಲೆ ಇರುವುದರಿಂದ ಸಾವಿರದ ಇನ್ನೂರು ವರ್ಷಗಳ ತರುವಾಯ ಓದುವ ನಾವು, ರಟ್ಟರ ವಂಶದವರೇ ಆಗಿದ್ದರೂ, ಆ ಕಲ್ಲಿನೊಡನೆ ಜಗಳವಾಡಬೇಕಾಗಿಲ್ಲ.

ಅರಸರ ಪ್ರಶಸ್ತಿ ಬೇರೆ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿಯು ಪುಲಕೇಶಿಯನ್ನು ಕೊಂಡಾಡುವಾಗ ಸೋತ ನಾಡುಗಳ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ಸೋತವರಿಗೆ ಅಲ್ಲಿ ಬಾಯಿಲ್ಲ. ಪ್ರಶಸ್ತಿಯು ಇಡೀ ಮನುಷ್ಯನನ್ನು ಹೊಗಳುತ್ತದೆ. ವೀರಗಲ್ಲು ಕೃತ್ಯವನ್ನು ನೆನೆಯುತ್ತದೆ. ಆದರೂ ರವಿಕೀರ್ತಿಗೆ ಮಾತನಾಡಲು ಬೇಕಾದಷ್ಟು ಜಾಗವಿತ್ತು. ನಮ್ಮ ಅಂಚೆಚೀಟಿಯು ಪ್ರಶಸ್ತಿಯ ಉದ್ದೇಶವನ್ನು ಇಟ್ಟುಕೊಂಡು ಅದರ ಮಾತನ್ನೆಲ್ಲ ಕಳೆದುಕೊಂಡಿದೆ. ಹೆಸರನ್ನು ಮಾತ್ರ ಹೇಳಿದರೆ ಹೆಸರಿನೊಡನೆ ಇರುವುದೆಲ್ಲವನ್ನೂ ಮಾನ್ಯಮಾಡಿದಂತಾಯಿತು. ಪೊಳ್ಳಿಲೂರಿನ ಗೆಲುವನ್ನೂ, ಕೊಡಗಿನ ಸೆರೆಯನ್ನೂ. ಚೀಟಿಯ ಜೊತೆಗೆ ಇಲಾಖೆಯವರು ವಿವರಣಪತ್ರವೊಂದನ್ನು ಅಚ್ಚುಮಾಡುತ್ತಾರಲ್ಲ ಎಂದರೆ, ಅದನ್ನು ಓದುವವರು ಚೀಟಿಗಳನ್ನು ಕೂಡಿಡುವವರೇ ಹೊರತು ಕಾಗದ ಬಂದ ಮನೆಯವರಲ್ಲ.

ಈ ದೃಷ್ಟಿಯಿಂದ ನೋಡಿದರೆ ಕೊಡಗಿನವರಿಗೆ ಸಂಬಂಧಿಸಿದ ಇನ್ನೊಂದು ಚೀಟಿ ಬಹಳ ಅರ್ಥವತ್ತಾಗಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತ ವಿಶ್ವಸಂಸ್ಥೆಯ ದಳದ ನಾಯಕರಾಗಿದ್ದಾಗ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರದವರು ಅವರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿದರು. ಅಲ್ಲಿ ಅವರು ಯಾರನ್ನೂ ಗೆದ್ದಿರಲಿಲ್ಲ. ಕಾದಾಡುವ ಎರಡು ಪಂಗಡಗಳನ್ನು ದೂರವಿರಿಸಿದ್ದರು. ಕೃತ್ಯವು ಅಷ್ಟು ತಿಳಿಯಾಗಿದ್ದುದರಿಂದ ಹೆಸರಿನ ಜೊತೆಗೆ ಬೇರೆ ಮಾತು ಬೇಕಾಗಲಿಲ್ಲ. ಇಂತಹ ಸೇನಾನಿಗಳು ವಿರಳ. ಉಳಿದವರ ವಿಷಯದಲ್ಲಿ ಕೃತ್ಯವನ್ನು ಹೆಸರಿಸಿಯೇ ತೀರಬೇಕು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದದ್ದಲ್ಲ. ಕೃತ್ಯವನ್ನು ಮನುಷ್ಯನಿಂದ ಬೇರ್ಪಡಿಸುವುದು ಪಂಡಿತರ ಕೈಚಳಕ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಇಂಗ್ಲಿಷರ ಮೇಲೆ ಎತ್ತಿದ ಕತ್ತಿಯನ್ನೇ ನಮ್ಮ ಅಜ್ಜಂದಿರ ಮೇಲೆಯೂ ಎತ್ತಿದ್ದನು. ಕತ್ತಿಯನ್ನು ಎರಡು ತುಂಡುಮಾಡಿ ಒಂದನ್ನು ಪೂಜಿಸೆಂದರೆ ಹೇಗೆ? ಎಂದು ಕೊಡಗಿನವರು ಕೇಳಬಹುದು. ಅವರ ಮನೆಗೆ ಆ ಚೀಟಿಯುಳ್ಳ ಕಾಗದ ಬಂದರೆ ಅವರು ಸಂತೋಷಪಡಬೇಕೆಂದು ಯಾರೂ ಅಪ್ಪಣೆ ಮಾಡಲಾರರು. ಇಷ್ಟು ಮಾತ್ರ ಹೇಳಬಹುದು: ಕೃತ್ಯವನ್ನು ಹೆಸರಿಸಿದ ಚೀಟಿಯೊಡನೆ ಅವರು ವಾದಿಸಬಹುದು, ಈ ಕೃತ್ಯ ನಿಜ, ಆದರೆ ಇನ್ನೊಂದೂ ನಿಜ ಎನ್ನಬಹುದು. ಬರಿಯ ಮುಖದೊಡನೆ ವಾದಿಸುವಂತಿಲ್ಲ. ಅದನ್ನು ಒಪ್ಪಬೇಕು, ಇಲ್ಲವೆ ಹರಿಯಬೇಕು. 2015ರ ನವೆಂಬರಿನಲ್ಲಿ ರಾಜ್ಯಸರ್ಕಾರವು ಟಿಪ್ಪು ಜಯಂತಿಯನ್ನು ಆಚರಿಸತೊಡಗಿದಾಗ ಮಡಿಕೇರಿಯಲ್ಲಿ ಘರ್ಷಣೆಗಳಾಗಿ ಪ್ರಾಣಹಾನಿಯಾಯಿತು. 2019ರ ಜುಲೈಯಲ್ಲಿ ಬೇರೆ ಪಕ್ಷದ ಸರ್ಕಾರ ಬಂದು ಆ ಆಚರಣೆಯನ್ನು ನಿಲ್ಲಿಸಿತು. ಜಯಂತಿಯೂ ಬರಿಯ ಹೆಸರಿನ ಗೌರವವೇ. ಆದುದರಿಂದಲೇ ಒಂದು ಸರ್ಕಾರ ಅದನ್ನು ಕೊಟ್ಟಿತು, ಇನ್ನೊಂದು ಕಿತ್ತುಕೊಂಡಿತು, ಎರಡು ಸಾರಿಯೂ ಟಿಪ್ಪುವಿನ ವಿಷಯದಲ್ಲಿ ಯಾರಿಗೂ ಹೊಸದೊಂದು ತಿಳಿಯಲಿಲ್ಲ. ಸ್ಮಾರಕದ ಚೀಟಿಗಾದರೋ ಆ ಗತಿಯಿಲ್ಲ. ಒಮ್ಮೆ ಅಚ್ಚಾಗಿ ಮಾರಿಹೋದುದನ್ನು ಯಾವ ಮಂತ್ರಿಯೂ ಹಿಂದಕ್ಕೆ ಕರೆಯಲಾರನು. ಆದುದರಿಂದ ಅದರಲ್ಲಿ ಬರೆಯುವ ಮಾತನ್ನು ಮೊದಲೇ ತೂಗಬೇಕು.

ಸಾಹಿತಿಗಳು ಈ ಕೆಲಸವನ್ನು ಅಂಚೆಯವರಿಗಿಂತ ಚೆನ್ನಾಗಿ ಮಾಡಿದ್ದಾರೆಯೆ ಎಂದರೆ, ಕೆಲಮಟ್ಟಿಗೆ ಹೌದೆನ್ನಬೇಕು. 1784ರ ಕನ್ನಡ ಗದ್ಯವಾದ ಹೈದರ್‌ನಾಮೆಯು ಹೈದರನ ಗುಣವನ್ನೂ ಅವಗುಣವನ್ನೂ ಒಂದೇ ಉಸಿರಿನಲ್ಲಿ ಹೇಳಲು ಅಂಜುವುದಿಲ್ಲ. ಗಿರೀಶ ಕಾರ್ನಾಡರ ಟಿಪ್ಪುವಿನ ಕನಸುಗಳು ಒಂದು ಕಡೆಯನ್ನು ಹಿಡಿಯಿತು; ಎಸ್. ಎಲ್. ಭೈರಪ್ಪನವರು 2007ರ ಆವರಣದಲ್ಲಿ ಅದಕ್ಕೆ ತೀರ ಎದುರಾದ ಕಡೆಯನ್ನು ಹಿಡಿದರು. ಎರಡನ್ನೂ ಓದಿದ ವಿದ್ಯಾರ್ಥಿಯು ಒಂದನ್ನು ಇನ್ನೊಂದಕ್ಕೆ ಒರೆಹಚ್ಚಬಲ್ಲನು. ಲಾವಣಿಗಳವರು ಟಿಪ್ಪುವಿನ ಕಡೆಯ ದಿನವನ್ನೇ ಆರಿಸಿಕೊಂಡು ಹಾಡಿದರು. ಅವನ ರಾಜ್ಯಭಾರವನ್ನೆಲ್ಲ ಹಾಡುವ ಗೋಜಿಗೆ ಅವರು ಹೆಚ್ಚಾಗಿ ಹೋಗಲಿಲ್ಲ. ವೀರಗಲ್ಲಿನ ಕಸುಬನ್ನು ಲಾವಣಿಕಾರರು ಮರೆತಿರಲಿಲ್ಲವೆಂದು ತೋರುತ್ತದೆ.

ಪ್ರಕೃತದ ಮಾತು ಇಷ್ಟು. 1799ರ ಮೇ 4ರಂದು ಟಿಪ್ಪು ಮಡಿದನು. 2049ಕ್ಕೆ 250 ವರ್ಷ ತುಂಬುತ್ತದೆ. ಆ ವರ್ಷ ಮತ್ತೊಂದು ಚೀಟಿಗಾಗಿ ಅಂಚೆಯ ಸಲಹಾಸಮಿತಿಯ ಮುಂದೆ ಅರ್ಜಿಗಳು ಬಂದೇ ಬರುತ್ತವೆ, ಬರಕೂಡದೆಂಬ ಅರ್ಜಿಗಳೂ ಬರುತ್ತವೆ. ಹೊರಡಿಸುವುದೇ ಆದರೆ ಮುಖವನ್ನು ಬಿಡಲಿ. ಶ್ರೀರಂಗಪಟ್ಟಣದ ಕೋಟೆಯ ಬಿರುಕನ್ನೋ, ಇಂಗ್ಲಿಷರನ್ನು ಬೆರಗುಗೊಳಿಸಿ ಕಾಂಗ್ರೀವನ ಪ್ರಯೋಗಗಳಿಗೆ ದಾರಿಮಾಡಿಕೊಟ್ಟ ಮೈಸೂರಿನ ಬಾಣವನ್ನೋ, ಶೃಂಗೇರಿಗೆ ಬರೆದ ಕಾಗದದ ಒಂದು ತುಣುಕನ್ನೋ ಅಚ್ಚುಹಾಕಿ ಅದು ಏನೆಂಬುದನ್ನೂ ಇಸವಿಯನ್ನೂ ಕೆಳಗೆ ಕಾಣಿಸಲಿ. ಕಾಗದದ ತುಣುಕನ್ನೇ ಆರಿಸಿದರೆ ಕನ್ನಡದ ಅಕ್ಷರಗಳು ನಿಯಮಕ್ಕೆ ಕಾಯದೆ ತಾವಾಗಿಯೇ ಚೀಟಿಯ ಮೇಲೆ ಬರುತ್ತವೆ.